ಈ ಅಂಕಿ ಎಲ್ಲಿಂದ ಬಂತು?

ಜುಲೈ ಬಂತೆಂದರೆ ಬೆಂಗಳೂರಿನ ಕಾಡುಗೋಡಿಯ ಜೆರಾಕ್ಸ್ ಅಂಗಡಿಗಳ ಬೋರ್ಡಿನ ಕೆಳಗೆ ಇನ್ನೊಂದು ಫ್ಲೆಕ್ಸ್ ತೂಗುತ್ತದೆ: ‘ಇಲ್ಲಿ ಐಟಿ ರಿಟರ್ನ್ಸ್ ಫೈಲ್ ಮಾಡಿಕೊಡಲಾಗುವುದು’. ಐಟಿಪಿಎಲ್‌ನ ಕಚೇರಿಗಳಲ್ಲಿ ಕೋಡ್ ಬರೆಯುವವರು ಸಾಮಾನ್ಯವಾಗಿ ಈ ಅಂಗಡಿ ಹತ್ತುವುದಿಲ್ಲ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪಿನಲ್ಲೋ ಮೊಬೈಲಿನಲ್ಲೋ ತಾವೇ ಫೈಲ್ ಮಾಡಿಕೊಳ್ಳುತ್ತಾರೆ. ಅಂಗಡಿಗೆ ಬರುವವರು ಆ ಕಚೇರಿಗಳಿಗೆ ಜನರನ್ನು ಕರೆತರುವ ಕ್ಯಾಬ್ ಮಾಲೀಕರು, ಪಿಜಿ ನಡೆಸುವವರು, ಕಾರ್ಖಾನೆಗಳ ಸೂಪರ್‌ವೈಸರುಗಳು. ಇಬ್ಬರ ಮುಂದೆಯೂ ಕೊನೆಗೆ ತೆರೆಯ ಮೇಲೆ ಒಂದು ಮೊತ್ತ ಬಂದು ನಿಲ್ಲುತ್ತದೆ: ಇಷ್ಟು ಕಟ್ಟಬೇಕು, ಅಥವಾ ಇಷ್ಟು ರೀಫಂಡ್ ಬರುತ್ತದೆ.

“ಇದು ಎಲ್ಲಿಂದ ಬಂತು ಸಾರ್?” ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: “ಸಿಸ್ಟಮ್ ಹಾಕಿದ್ದು.”

ನನ್ನ ತಕರಾರು ಈ ಉತ್ತರದ ಮೇಲೆ. ಸಿಸ್ಟಮ್ ತಾನಾಗಿ ಯಾವ ಅಂಕಿಯನ್ನೂ ಹುಟ್ಟಿಸುವುದಿಲ್ಲ. ಯಾರೋ ತುಂಬಿದ ಒಂದು ಮೊತ್ತ, ಯಾವುದೋ ಸೆಕ್ಷನ್ನಿನ ಒಂದು ದರ, ಎಲ್ಲೋ ಬರೆದಿಟ್ಟ ಒಂದು ಸೂತ್ರ ಸೇರಿದಾಗಲೇ ಅದು ಬರುವುದು. ಆ ಮೂರನ್ನೂ ಹಿಂದಕ್ಕೆ ಹಿಡಿದುಕೊಂಡು ಹೋಗಬಹುದು. ಹೋಗಲು ಬರಬೇಕು. ತೆರಿಗೆ ಕಟ್ಟುವವನಿಗೆ ಇದು ಹಕ್ಕಿನ ಪ್ರಶ್ನೆ.

ಕೆಲಸ ಬದಲಿಸಿದವರ ಲೆಕ್ಕ

ವೈಟ್‌ಫೀಲ್ಡ್ ಸುತ್ತಮುತ್ತ ಬಹಳ ಜನರನ್ನು ಕಂಗೆಡಿಸುವ ಪ್ರಸಂಗವೊಂದಿದೆ. ವರ್ಷದ ನಡುವೆ ಕಂಪನಿ ಬದಲಿಸಿರುತ್ತಾರೆ. ಎರಡೂ ಕಂಪನಿಗಳು ಫಾರ್ಮ್ 16 ಕೊಟ್ಟಿವೆ, ಎರಡೂ ಸರಿಯಾಗಿಯೇ ಇವೆ. ಆದರೂ ಎರಡನ್ನೂ ತುಂಬಿದ ಕೂಡಲೇ ಸಾಫ್ಟ್‌ವೇರ್ ಸಾವಿರಾರು ರೂಪಾಯಿ ಬಾಕಿ ತೋರಿಸುತ್ತದೆ. ಇದನ್ನು ಒಮ್ಮೆ ಪೂರ್ತಿ ಬಿಡಿಸಿ ನೋಡೋಣ.

ವರ್ಷಕ್ಕೆ 12 ಲಕ್ಷ ರೂಪಾಯಿ ಸಂಬಳದ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. 2024-25ರ ಹಣಕಾಸು ವರ್ಷ, ಹೊಸ ತೆರಿಗೆ ಪದ್ಧತಿ. ಹಳೆಯ ಕಂಪನಿ ಇಡೀ ವರ್ಷದ ಅಂದಾಜು ಹಾಕಿತು. 12 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11,25,000. ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ 5ರಂತೆ 20,000. ಅದರ ಮೇಲಿನ 3 ಲಕ್ಷಕ್ಕೆ ಶೇ 10ರಂತೆ 30,000. ಉಳಿದ 1,25,000ಕ್ಕೆ ಶೇ 15ರಂತೆ 18,750. ಒಟ್ಟು 68,750. ಅದರ ಮೇಲೆ ಶೇ 4ರ ಸೆಸ್ 2,750 ಸೇರಿ 71,500. ಅವಳು ಸೆಪ್ಟೆಂಬರ್ ಕೊನೆಗೆ ಕೆಲಸ ಬಿಟ್ಟಳು. ಆ ಹೊತ್ತಿಗೆ ಅರ್ಧ ತೆರಿಗೆ, ಅಂದರೆ 35,750 ರೂಪಾಯಿ, ಟಿಡಿಎಸ್ ಆಗಿ ಕಡಿತವಾಗಿತ್ತು.

ಅಕ್ಟೋಬರಿನಲ್ಲಿ ಸೇರಿದ ಹೊಸ ಕಂಪನಿಗೆ ಗೊತ್ತಿರುವುದು ತಾನು ಕೊಡುವ ಆರು ತಿಂಗಳ 6 ಲಕ್ಷ ಮಾತ್ರ. ಅದೂ 75,000 ಕಳೆಯಿತು, ಉಳಿದದ್ದು 5,25,000. ಆ ವರ್ಷ 7 ಲಕ್ಷದವರೆಗಿನ ಆದಾಯಕ್ಕೆ ಸೆಕ್ಷನ್ 87ಎ ಅಡಿ ಪೂರ್ತಿ ರಿಯಾಯಿತಿ ಇತ್ತು. ಹಾಗಾಗಿ ಟಿಡಿಎಸ್ ಸೊನ್ನೆ. ಒಂದೇ ವರ್ಷದಲ್ಲಿ ಒಬ್ಬಳೇ ಉದ್ಯೋಗಿಗೆ ಎರಡು ಕಡೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಕ್ಕಿತು, ಎರಡು ಕಡೆ ಮೊದಲ 3 ಲಕ್ಷದ ವಿನಾಯಿತಿ ಸಿಕ್ಕಿತು. ಎರಡು ಪೇರೋಲ್ ಯಂತ್ರಗಳೂ ತಮಗೆ ಕಂಡಷ್ಟಕ್ಕೆ ಸರಿಯಾದ ಲೆಕ್ಕವನ್ನೇ ಮಾಡಿದವು.

ಮುಂದಿನ ಜುಲೈನಲ್ಲಿ ರಿಟರ್ನ್ ತುಂಬಲು ಕುಳಿತಾಗ ತೆರೆಯ ಮೇಲೆ ಬರುವ ಬಾಕಿ 38,980 ರೂಪಾಯಿ. ಈ ಅಂಕಿ ಅವಳ ಯಾವ ಫಾರ್ಮ್ 16ರಲ್ಲೂ ಇಲ್ಲ. ಹಿಂದಕ್ಕೆ ನಡೆಯೋಣ. 38,980 ಎಂಬುದು 38,978ನ್ನು ಸೆಕ್ಷನ್ 288ಬಿ ಪ್ರಕಾರ ಹತ್ತರ ಗುಣಕಕ್ಕೆ ತಂದದ್ದು. ಆ 38,978ರಲ್ಲಿ ಮೂರು ಪಾಲಿವೆ: ತೆರಿಗೆ 35,750, ಸೆಕ್ಷನ್ 234ಬಿ ಬಡ್ಡಿ 1,428, ಸೆಕ್ಷನ್ 234ಸಿ ಬಡ್ಡಿ 1,800.

35,750 ಸುಲಭ. ಇಡೀ ವರ್ಷದ 71,500ರಲ್ಲಿ ಕಡಿತವಾದದ್ದನ್ನು ಕಳೆದದ್ದು. 1,428ಕ್ಕೆ ನಿಯಮ 119ಎ ಬೇಕು: ಬಡ್ಡಿ ಲೆಕ್ಕಕ್ಕೆ ಅಸಲಿನಲ್ಲಿ ನೂರರ ಕೆಳಗಿನ ಚೂರನ್ನು ಬಿಡಬೇಕು, ಹಾಗಾಗಿ 35,700. ತಿಂಗಳಿನ ಒಂದು ದಿನ ತಾಗಿದರೂ ಇಡೀ ತಿಂಗಳೆಂದು ಹಿಡಿಯಬೇಕು, ಹಾಗಾಗಿ ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳು. ತಿಂಗಳಿಗೆ ಶೇ 1. ಸರಿಹೋಯಿತು. 1,800 ಬರುವುದು ಮುಂಗಡ ತೆರಿಗೆಯ ನಾಲ್ಕು ಕಂತುಗಳಿಂದ. ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕಿತ್ತು. ಕಟ್ಟದ್ದಕ್ಕೆ ಮೊದಲ ಮೂರು ಕಂತಿಗೆ ಶೇ 3ರಂತೆ 159, 480, 804. ಕೊನೆಯದಕ್ಕೆ ಶೇ 1ರಂತೆ 357. ಕೂಡಿಸಿದರೆ ಸರಿಯಾಗಿ 1,800.

ನೋಡಿ, ಒಂದು ರೂಪಾಯಿಯೂ ಆಕಾಶದಿಂದ ಬಿದ್ದಿಲ್ಲ. ಹೊಸ ಕಂಪನಿ ಸೇರಿದ ದಿನ ಹಳೆಯ ಸಂಬಳದ ವಿವರವನ್ನು ಫಾರ್ಮ್ 12ಬಿಯಲ್ಲಿ ಕೊಟ್ಟಿದ್ದರೆ ಈ ಬಾಕಿ ಜುಲೈವರೆಗೆ ಬೆಳೆಯುತ್ತಲೇ ಇರಲಿಲ್ಲ. ಮೂಲ ಹುಡುಕುವುದರ ಫಲ ಇದು. ಬೈಯಬೇಕಾದದ್ದು ಯಾರನ್ನು, ಮುಂದಿನ ಸಲ ತಿದ್ದಬೇಕಾದದ್ದು ಎಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಬಾಡಿಗೆಯ ಲೆಕ್ಕದಲ್ಲಿ ಇನ್ನೊಂದು ಬಗೆಯ ಮರೆ ಇದೆ. ಹಳೆಯ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಎಂದರೆ ಮೂರು ಮೊತ್ತಗಳಲ್ಲಿ ಅತಿ ಕಡಿಮೆಯದು. ಮೂಲ ವೇತನ ತಿಂಗಳಿಗೆ 40,000, ಎಚ್‌ಆರ್‌ಎ 20,000, ಕಾಡುಗೋಡಿಯ ಮನೆ ಬಾಡಿಗೆ 18,000 ಎಂದುಕೊಂಡರೆ ವರ್ಷಕ್ಕೆ ಆ ಮೂರು ಹೀಗಿವೆ: ಪಡೆದ ಎಚ್‌ಆರ್‌ಎ 2,40,000, ಮೂಲ ವೇತನದ ಶೇ 40 ಎಂದರೆ 1,92,000, ಬಾಡಿಗೆಯಲ್ಲಿ ಮೂಲ ವೇತನದ ಹತ್ತನೇ ಒಂದು ಪಾಲು ಕಳೆದರೆ 1,68,000. ಫಾರ್ಮ್ 16ರಲ್ಲಿ ಕಾಣುವುದು 1,68,000 ಒಂದೇ. ಸೋತ ಎರಡು ಅಂಕಿಗಳು ಕಾಣುವುದಿಲ್ಲ. ಅವು ಕಾಣದಿದ್ದರೆ ಶೇ 40 ಏಕೆ, ಶೇ 50 ಏಕಲ್ಲ ಎಂಬ ಪ್ರಶ್ನೆಯೂ ಏಳುವುದಿಲ್ಲ. 2024-25ರ ನಿಯಮದಲ್ಲಿ ಶೇ 50 ಇದ್ದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬಾಡಿಗೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ.

ಕ್ಯಾಬ್ ಮಾಲೀಕನ ಶೇ 6

ಅಂಗಡಿಗೆ ಬರುವವರ ಲೆಕ್ಕ ಇದಕ್ಕಿಂತ ಚಿಕ್ಕದು, ಆದರೆ ಅದರ ಪರಿಣಾಮ ದೊಡ್ಡದು. ಕಂಪನಿಗಳಿಗೆ ಕ್ಯಾಬ್ ಓಡಿಸುವವನಿಗೆ ಟ್ರಾವೆಲ್ಸ್‌ನವರು ವರ್ಷಕ್ಕೆ 9 ಲಕ್ಷ ಬ್ಯಾಂಕ್ ಖಾತೆಗೆ ಹಾಕಿ, ಶೇ 1ರಂತೆ 9,000 ಟಿಡಿಎಸ್ ಹಿಡಿದಿದ್ದಾರೆ ಎನ್ನೋಣ. ಆ 9,000 ವಾಪಸ್ ಬರಲಿ ಎಂದು ಅವನು ರಿಟರ್ನ್ ಹಾಕಿಸುತ್ತಾನೆ. ಅಂಗಡಿಯವರು ಐಟಿಆರ್-4ರಲ್ಲಿ ಸೆಕ್ಷನ್ 44ಎಡಿ ಆರಿಸಿ, ಬ್ಯಾಂಕಿನ ಮೂಲಕ ಬಂದ ವಹಿವಾಟಿನ ಶೇ 6 ಎಂದು ಆದಾಯ ತೋರಿಸುತ್ತಾರೆ: 54,000 ರೂಪಾಯಿ. ರೀಫಂಡ್ ಬರುತ್ತದೆ, ಎಲ್ಲರಿಗೂ ಸಮಾಧಾನ.

ಆದರೆ 54,000 ಅವನ ಆದಾಯವೇ? ಡೀಸೆಲ್, ಕಂತು, ರಿಪೇರಿ ಕಳೆದು ಅವನು ಮನೆ ನಡೆಸುತ್ತಿರುವುದು ಅದಕ್ಕಿಂತ ಹೆಚ್ಚಿನ ಹಣದಲ್ಲಿ. ಕಾಯ್ದೆ ಹೇಳುವುದು ಶೇ 6 ಅಥವಾ ನಿಜವಾಗಿ ಗಳಿಸಿದ ಅದಕ್ಕಿಂತ ಹೆಚ್ಚಿನ ಮೊತ್ತ ಎಂದು. ಶೇ 6 ಎಂಬುದು ತಳಮಟ್ಟ. ಅವನು 3 ಲಕ್ಷ ಗಳಿಸಿದ್ದರೆ 3 ಲಕ್ಷ ಎಂದೇ ಬರೆಯಬೇಕು. ಬರೆದರೂ 2024-25ರ ಹೊಸ ಪದ್ಧತಿಯಲ್ಲಿ ತೆರಿಗೆ ಬೀಳುತ್ತಿರಲಿಲ್ಲ. ಎರಡು ವರ್ಷದ ಮೇಲೆ ಇನ್ನೊಂದು ಗಾಡಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ನೋಡುವುದು ಇದೇ ರಿಟರ್ನ್. ವರ್ಷಕ್ಕೆ 54,000 ದುಡಿಯುವವನಿಗೆ ಯಾರು ಸಾಲ ಕೊಡುತ್ತಾರೆ? ತನ್ನ ಹೆಸರಿನಲ್ಲಿರುವ ಆ ಅಂಕಿಯನ್ನು ಅವನು ಅಂದೇ ಮೊದಲು ನೋಡುತ್ತಿರುತ್ತಾನೆ. ಈ ಇಡೀ ವಿಷಯದಲ್ಲಿ ನನಗೆ ಹೆಚ್ಚು ನೋವು ಕೊಡುವುದು ಇದೇ.

ಅಂಗಡಿಯವರೆಲ್ಲ ಕೆಟ್ಟವರಲ್ಲ. ಆದರೆ ಮೂಲವಿಲ್ಲದ ಅಂಕಿಗಳು ಇಂಥ ಕತ್ತಲಲ್ಲೇ ಬೆಳೆಯುತ್ತವೆ. 2018ರ ಆರಂಭದಲ್ಲಿ ಸಿಬಿಐ ಬೆಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಮತ್ತು ಹಲವು ಕಂಪನಿಗಳ ನೌಕರರ ಮೇಲೆ ಪ್ರಕರಣ ದಾಖಲಿಸಿತು. ಮನೆ ಆಸ್ತಿಯ ಬಾಬಿನಲ್ಲಿ ಇಲ್ಲದ ನಷ್ಟ ತೋರಿಸಿ ರೀಫಂಡ್ ಪಡೆದರೆಂಬುದು ಆರೋಪ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಸುಳ್ಳು ಕಡಿತಗಳ ಜಾಡು ಹಿಡಿದು ದೇಶದ 150 ಕಡೆ ತಪಾಸಣೆ ನಡೆಸಿತು. ತೆರೆಯ ಮೇಲಿನ ಅಂಕಿಯನ್ನು ತುಂಬಿದವರು ಯಾರೇ ಇರಲಿ, ಕಾನೂನಿನ ಕಣ್ಣಲ್ಲಿ ಅದು ಸಹಿ ಹಾಕಿದವನ ಅಂಕಿ.

ಸೂತ್ರವೇ ಬದಲಾದಾಗ

ಇಲ್ಲಿಯವರೆಗೆ ಹೇಳಿದ್ದು ತುಂಬುವ ಅಂಕಿಗಳ ಮಾತು. ಸೂತ್ರಕ್ಕೂ ಒಂದು ಮೂಲ ಬೇಕಲ್ಲ?

2021ರ ಜೂನ್ 7ರಂದು ಹೊಸ ಇ-ಫೈಲಿಂಗ್ ಪೋರ್ಟಲ್ ಶುರುವಾಯಿತು. ಕಟ್ಟಿದ್ದು ಬೆಂಗಳೂರಿನದೇ ಇನ್ಫೊಸಿಸ್. ಆ ವರ್ಷ ರಿಟರ್ನ್ ಸಲ್ಲಿಸುವ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 30ಕ್ಕೆ ಸರ್ಕಾರ ಮುಂದೂಡಿತ್ತು. ಆದರೂ ಜುಲೈ ಕಳೆದ ಮೇಲೆ ಫೈಲ್ ಮಾಡಿದ ಕೆಲವರಿಗೆ ತಡವಾದದ್ದಕ್ಕೆ ಸೆಕ್ಷನ್ 234ಎ ಬಡ್ಡಿ ಮತ್ತು 234ಎಫ್ ಶುಲ್ಕ ಬಿತ್ತು. ತಂತ್ರಾಂಶದ ಲೆಕ್ಕ ತಪ್ಪಾಗಿತ್ತು, ಆಗಸ್ಟ್ 1ರಂದು ಸರಿಪಡಿಸಿದ್ದೇವೆ, ಹೆಚ್ಚು ಕಟ್ಟಿದವರಿಗೆ ಹಣ ವಾಪಸ್ ಬರುತ್ತದೆ ಎಂದು ಇಲಾಖೆ ಆಗಸ್ಟ್ 11ರಂದು ಬಹಿರಂಗವಾಗಿ ಹೇಳಿತು. ಈ ತಪ್ಪು ಬೆಳಕಿಗೆ ಬಂದದ್ದು, ತೆರೆಯ ಮೇಲಿನ ಶುಲ್ಕವನ್ನು ಸುಮ್ಮನೆ ಒಪ್ಪದೆ ‘ಇದು ಏಕೆ’ ಎಂದು ಜನ ಕೇಳಿದ್ದರಿಂದ.

2024ರಲ್ಲಿ ಆದದ್ದು ಇನ್ನೂ ಆಳದ ವಿಷಯ. ಸೆಕ್ಷನ್ 87ಎ ರಿಯಾಯಿತಿ ಷೇರು ಮಾರಾಟದ ಅಲ್ಪಾವಧಿ ಲಾಭದ ತೆರಿಗೆಗೂ ಅನ್ವಯಿಸುತ್ತದೆಯೇ ಎಂಬುದು ವಾದಕ್ಕೆ ಎಡೆಯಿದ್ದ ಪ್ರಶ್ನೆ. ಆ ವರ್ಷ ರಿಟರ್ನ್ ಸಲ್ಲಿಕೆ ಶುರುವಾದಾಗ ಇಲಾಖೆಯ ಯುಟಿಲಿಟಿ, ಅಂದರೆ ರಿಟರ್ನ್ ತುಂಬುವ ತಂತ್ರಾಂಶ, ರಿಯಾಯಿತಿ ಕೊಡುತ್ತಿತ್ತು. ಜುಲೈ 5ರಂದು ಯುಟಿಲಿಟಿ ಬದಲಾಯಿತು. ಅಂದಿನಿಂದ ರಿಯಾಯಿತಿ ಇಲ್ಲ. ಕಾಯ್ದೆಯ ಒಂದಕ್ಷರವೂ ಆ ದಿನ ಬದಲಾಗಿರಲಿಲ್ಲ.

ಇದರ ತೂಕ ಅಂಕಿಯಲ್ಲಿ ನೋಡಿ. ಎಲ್ಲ ಕಳೆದು ಸಂಬಳದ ಆದಾಯ 4 ಲಕ್ಷ, ಷೇರಿನ ಅಲ್ಪಾವಧಿ ಲಾಭ 2 ಲಕ್ಷ. ಸಂಬಳಕ್ಕೆ ತೆರಿಗೆ 5,000, ಷೇರಿನ ಲಾಭಕ್ಕೆ ಆಗಿನ ಶೇ 15ರಂತೆ 30,000. ಜುಲೈ 4ರಂದು ಫೈಲ್ ಮಾಡಿದವನಿಗೆ 25,000 ರಿಯಾಯಿತಿ ಕಳೆದು, ಸೆಸ್ ಸೇರಿ 10,400. ಮರುದಿನದ ಯುಟಿಲಿಟಿಯಲ್ಲಿ ಫೈಲ್ ಮಾಡಿದವನಿಗೆ 5,000 ಮಾತ್ರ ಕಳೆದು 31,200. ಅದೇ ಆದಾಯ, ಅದೇ ವರ್ಷ, ಅದೇ ಕಾಯ್ದೆ.

ಚೇಂಬರ್ ಆಫ್ ಟ್ಯಾಕ್ಸ್ ಕನ್ಸಲ್ಟೆಂಟ್ಸ್ ಬಾಂಬೆ ಹೈಕೋರ್ಟಿಗೆ ಹೋಯಿತು. ಡಿಸೆಂಬರಿನ ಮಧ್ಯಂತರ ಆದೇಶದ ಬಳಿಕ ಪರಿಷ್ಕೃತ ರಿಟರ್ನ್ ಸಲ್ಲಿಸುವ ಕೊನೆಯ ದಿನ 2025ರ ಜನವರಿ 15ಕ್ಕೆ ಹೋಯಿತು. ಜನವರಿ 24ರಂದು ನ್ಯಾಯಮೂರ್ತಿಗಳಾದ ಎಂ.ಎಸ್. ಸೋನಕ್ ಮತ್ತು ಜಿತೇಂದ್ರ ಜೈನ್ ಅವರ ಪೀಠ ಅಂತಿಮ ತೀರ್ಪು ಕೊಟ್ಟಿತು. ರಿಯಾಯಿತಿ ಸಿಗಬೇಕೋ ಬೇಡವೋ ಎಂಬುದನ್ನು ಅಧಿಕಾರಿಗಳು ನಿರ್ಧರಿಸಲಿ, ಆದರೆ ತೆರಿಗೆದಾರ ತನ್ನ ಹಕ್ಕನ್ನು ಮಂಡಿಸುವ ದಾರಿಯನ್ನೇ ಸಾಫ್ಟ್‌ವೇರ್ ಮುಚ್ಚುವಂತಿಲ್ಲ ಎಂಬುದು ಅದರ ಸಾರ. ಆಮೇಲೆ 2025ರ ಹಣಕಾಸು ಕಾಯ್ದೆ, ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿ ಇಲ್ಲವೆಂದು 2025-26ರ ಹಣಕಾಸು ವರ್ಷದಿಂದ ಸ್ಪಷ್ಟವಾಗಿ ಬರೆಯಿತು. ಮೊದಲು ರಿಯಾಯಿತಿ ಪಡೆದಿದ್ದವರಿಗೆ ಬಾಕಿ ನೋಟಿಸ್‌ಗಳು ಹೋದವು. ಆ ಬಾಕಿಯನ್ನು 2025ರ ಡಿಸೆಂಬರ್ 31ರೊಳಗೆ ಕಟ್ಟಿದರೆ ಬಡ್ಡಿ ಮನ್ನಾ ಎಂದು ಕೇಂದ್ರ ನೇರ ತೆರಿಗೆ ಮಂಡಳಿ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು.

ಈ ತೀರ್ಪು ಬರೀ ಷೇರು ವ್ಯವಹಾರದವರ ಪಾಲಿನದಲ್ಲ. ಸೂತ್ರ ಬರೆಯುವ ಕೈಗೂ ಉತ್ತರದಾಯಿತ್ವ ಇದೆ ಎಂದು ನ್ಯಾಯಾಲಯ ಇಲ್ಲಿ ಹೇಳಿದಂತಾಯಿತು.

ಅಂಕಿಯ ಮೂಲ ತೋರಿಸುವ ಶಿಸ್ತು ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಮೊದಲಿನಿಂದ ಇತ್ತು. ಕಿರ್ದಿಯಲ್ಲಿ ಬರೆದ ಪ್ರತಿ ಬಾಬಿನ ಪಕ್ಕ ಖಾತೆಯ ಪುಟಸಂಖ್ಯೆ, ಖಾತೆಯ ಪ್ರತಿ ಮೊತ್ತದ ಪಕ್ಕ ಕಿರ್ದಿಯ ಪುಟಸಂಖ್ಯೆ. ಯಾವ ಕಡೆಯಿಂದ ಹಿಡಿದರೂ ಇನ್ನೊಂದು ಕಡೆ ಸಿಗುತ್ತಿತ್ತು. ಬೆಂಗಳೂರಿನ ಟ್ಯಾಲಿ ಅದನ್ನೇ ಕಂಪ್ಯೂಟರಿಗೆ ತಂದಿತು. ಆಸ್ತಿ-ಹೊಣೆ ಪಟ್ಟಿಯ ಒಂದು ಮೊತ್ತದ ಮೇಲೆ ನಿಂತು ಎಂಟರ್ ಒತ್ತುತ್ತ ಹೋದರೆ ಗುಂಪು, ಖಾತೆ, ತಿಂಗಳು ದಾಟಿ ಕೊನೆಗೆ ಅದು ಹುಟ್ಟಿದ ವೋಚರ್ ತೆರೆದುಕೊಳ್ಳುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಟ್ಯಾಲಿ ಕಲಿತ ಸಾವಿರಾರು ಹುಡುಗ ಹುಡುಗಿಯರ ಬೆರಳಿಗೆ ಈ ವಿದ್ಯೆ ಅಭ್ಯಾಸವಾಗಿದೆ. ಎಕ್ಸೆಲ್‌ನಲ್ಲೂ ಒಂದು ಸೆಲ್‌ನ ಮೂಲಗಳನ್ನು ಬಾಣ ಎಳೆದು ತೋರಿಸುವ ಸೌಲಭ್ಯವಿದೆ. ಆದರೆ ಇಲಾಖೆಯ ಎಕ್ಸೆಲ್ ಯುಟಿಲಿಟಿಯಲ್ಲಿ ನಮಗೆ ಬಿಟ್ಟಿರುವುದು ತುಂಬುವ ಹಸಿರು ಸೆಲ್‌ಗಳನ್ನು ಮಾತ್ರ. ತೆರಿಗೆಯ ಲೆಕ್ಕ ಬೀಗದ ಹಿಂದೆ ನಡೆಯುತ್ತದೆ. ಯಾವ ಅಂಕಿ ಯಾವುದಕ್ಕೆ ಹೊಂದಬೇಕು ಎಂಬ ನಿಯಮಗಳ ಪಟ್ಟಿಯನ್ನು ಇಲಾಖೆ ಪ್ರಕಟಿಸುತ್ತದೆ, ಅದು ಒಳ್ಳೆಯ ಕೆಲಸ. ಸಾಮಾನ್ಯ ತೆರಿಗೆದಾರ ಓದಿ ಅರ್ಥ ಮಾಡಿಕೊಳ್ಳುವಂಥದ್ದಲ್ಲ ಅದು.

ಇದಕ್ಕಿಂತ ಮುಂದೆ ಹೋಗುವುದು ಸಾಧ್ಯ. ಫ್ರಾನ್ಸ್ ಸರ್ಕಾರ ಆದಾಯ ತೆರಿಗೆ ಲೆಕ್ಕಹಾಕುವ ತನ್ನ ಕೋಡನ್ನು 2016ರಲ್ಲಿ ಸಾರ್ವಜನಿಕರ ಮುಂದಿಟ್ಟಿತು. ‘ಎಂ’ ಎಂಬ ತನ್ನದೇ ಭಾಷೆಯಲ್ಲಿ ಬರೆದ ಆ ಕೋಡ್ ಅಷ್ಟಕ್ಕೇ ಪೂರ್ತಿಯಾಗಿರಲಿಲ್ಲ. ಸಂಶೋಧಕರು ಅದರ ಮೇಲೆ ಕೆಲಸ ಮಾಡಿ ಕೊರತೆಗಳನ್ನು ತೋರಿಸಿದರು. ತೆರೆದಿಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ಅಮೆರಿಕದ ತೆರಿಗೆ ಇಲಾಖೆ 2024ರಲ್ಲಿ 12 ರಾಜ್ಯಗಳಲ್ಲಿ ಡೈರೆಕ್ಟ್ ಫೈಲ್ ಎಂಬ ಉಚಿತ ಸೇವೆ ತೆರೆಯಿತು. ಅದರ ಒಳಗಿದ್ದ ಫ್ಯಾಕ್ಟ್ ಗ್ರಾಫ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ಅಂಕಿಯೂ ಜನ ತುಂಬಿದ್ದೋ ಲೆಕ್ಕದಿಂದ ಬಂದದ್ದೋ, ಲೆಕ್ಕದಿಂದ ಬಂದದ್ದಾದರೆ ಯಾವ ಅಂಕಿಗಳಿಂದ ಎಂಬುದು ಬರೆದೇ ಇರುತ್ತಿತ್ತು. ಸೇವೆ ಮುಂದೆ ನಿಂತುಹೋಯಿತು. ಆದರೆ 2025ರಲ್ಲಿ ಪ್ರಕಟಿಸಿದ ಅದರ ಕೋಡ್ ಎಲ್ಲರಿಗೂ ಲಭ್ಯವಿದೆ. ಅಮೆರಿಕದ ಟರ್ಬೊಟ್ಯಾಕ್ಸ್ ತಯಾರಿಸುವ ಇಂಟ್ಯೂಟ್‌ಗೆ ಬೆಂಗಳೂರಿನಲ್ಲಿ ಕಚೇರಿ ಇದೆ, ಕ್ಲಿಯರ್‌ಟ್ಯಾಕ್ಸ್ ಬೆಂಗಳೂರಿನದು, ಸರ್ಕಾರಿ ಪೋರ್ಟಲ್ ಕಟ್ಟಿದವರೂ ಬೆಂಗಳೂರಿನವರು. ಈ ಕೆಲಸಕ್ಕೆ ಬೇಕಾದ ಜಾಣ್ಮೆಗೆ ಈ ಊರಿನಲ್ಲಿ ಕೊರತೆಯಿಲ್ಲ.

ಇಲಾಖೆಗೂ ದಾರಿ ಗೊತ್ತಿದೆ. 2021ರ ನವೆಂಬರಿನಲ್ಲಿ ಬಂದ ವಾರ್ಷಿಕ ಮಾಹಿತಿ ಪಟ್ಟಿ, ನಾವೆಲ್ಲ ಎಐಎಸ್ ಎನ್ನುವುದು, ಪ್ರತಿ ಮೊತ್ತದ ಪಕ್ಕ ಅದನ್ನು ವರದಿ ಮಾಡಿದವರು ಯಾರೆಂದು ಹೇಳುತ್ತದೆ. ತಪ್ಪಿದ್ದರೆ ಅಲ್ಲೇ ಅಭಿಪ್ರಾಯ ಬರೆಯಬಹುದು. ಅದಕ್ಕೆ ವರದಿ ಮಾಡಿದವರು ಏನೆಂದರು ಎಂಬುದೂ 2024ರ ಮೇ ತಿಂಗಳಿಂದ ಕಾಣುತ್ತಿದೆ. ಇದು ನಿಜವಾದ ಮುನ್ನಡೆ. ಇನ್ನೊಂದು ಕಡೆ, 2024-25ರ ಆದಾಯದ ರಿಟರ್ನ್‌ಗಳಿಂದ ಇಲಾಖೆ ನಮ್ಮನ್ನೂ ಬಿಡಿಸಿ ಕೇಳುತ್ತಿದೆ: ಹಳೆಯ ಪದ್ಧತಿಯಲ್ಲಿ 80ಸಿ ಕಡಿತಕ್ಕೆ ಪಾಲಿಸಿ ಸಂಖ್ಯೆ ಯಾವುದು, ಮನೆ ಸಾಲ ಯಾವ ಬ್ಯಾಂಕಿನದು, ಕಟ್ಟಿದ ಬಾಡಿಗೆ ಎಷ್ಟು. ಕೇಳುವುದು ಸರಿ. ನಮ್ಮ ಪ್ರತಿ ಅಂಕಿಗೂ ಮೂಲ ಕೇಳುವ ವ್ಯವಸ್ಥೆ ತಾನು ಲೆಕ್ಕಹಾಕಿದ ಪ್ರತಿ ಅಂಕಿಯ ಮೂಲವನ್ನೂ ತೋರಿಸಬೇಕು. ಬಾಕಿ 38,980ರ ಮೇಲೆ ಬೆರಳಿಟ್ಟರೆ 35,750, 1,428, 1,800 ತೆರೆದುಕೊಳ್ಳಬೇಕು. 1,800ರ ಮೇಲೆ ಬೆರಳಿಟ್ಟರೆ ನಾಲ್ಕು ಕಂತುಗಳು ಕಾಣಬೇಕು, ಕನ್ನಡದಲ್ಲಿ ಕಾಣಬೇಕು. ಸೂತ್ರ ಬದಲಾದರೆ ಯಾವ ದಿನ, ಯಾವ ಸೆಕ್ಷನ್ನಿನ ಆಧಾರದಲ್ಲಿ ಎಂಬುದು ಅಲ್ಲೇ ಇರಬೇಕು.

ಅದು ಬರುವವರೆಗೆ ನಾವು ಮಾಡಬೇಕಾದದ್ದಿದೆ. ಆಡಿಟರಿಗೋ ಅಂಗಡಿಯವರಿಗೋ ಹಣ ಕೊಡುವ ಮೊದಲು ಸ್ವೀಕೃತಿ ಚೀಟಿಯ ಜೊತೆ ಕಂಪ್ಯೂಟೇಶನ್ ಶೀಟ್ ಮತ್ತು ಸಲ್ಲಿಸಿದ ಪೂರ್ತಿ ರಿಟರ್ನಿನ ಪ್ರತಿ ಕೇಳಿ ಪಡೆಯಿರಿ. ಪೋರ್ಟಲ್ಲಿನಲ್ಲಿ ನಿಮ್ಮ ಮೊಬೈಲ್ ಸಂಖ್ಯೆ, ನಿಮ್ಮ ಇಮೇಲ್ ವಿಳಾಸವೇ ಇರಲಿ. ಎಲೆಕ್ಟ್ರಾನಿಕ್ ಸಿಟಿ ವಿಳಾಸದ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ ಸೆಕ್ಷನ್ 143(1)ರ ತಿಳಿವಳಿಕೆ ಪತ್ರ ಬಂದಾಗ ಕೊನೆಯ ಸಾಲಿನ ಮೊತ್ತ ನೋಡಿ ಮುಚ್ಚಬೇಡಿ. ಅದರಲ್ಲಿ ಎರಡು ಕಾಲಂಗಳಿರುತ್ತವೆ: ನೀವು ಕೊಟ್ಟ ಅಂಕಿ, ಇಲಾಖೆ ಲೆಕ್ಕಹಾಕಿದ ಅಂಕಿ. ಎರಡೂ ಮೊದಲ ಸಲ ಬೇರೆಯಾಗುವ ಸಾಲನ್ನು ಹುಡುಕಿ. ತಪ್ಪು ಅಲ್ಲಿಯದೇ ಆದರೆ ಸೆಕ್ಷನ್ 154ರ ಅಡಿ ತಿದ್ದುಪಡಿಗೆ ಪೋರ್ಟಲ್ಲಿನಲ್ಲೇ ಅರ್ಜಿ ಹಾಕಬಹುದು. ಆ ತಿಳಿವಳಿಕೆ ಪತ್ರ ಹೊರಡಿಸಿದ ಹಣಕಾಸು ವರ್ಷ ಮುಗಿದ ಮೇಲೆ ನಾಲ್ಕು ವರ್ಷದವರೆಗೆ ಅವಕಾಶವಿದೆ, ಅರ್ಜಿಗೆ ಶುಲ್ಕವಿಲ್ಲ.